ಕವಿತೆಗೆ ಚಿತ್ರ ಕಟ್ಟುವುದು: ಎರಡು ನಿಮಿಷದ ಕಾವ್ಯಚಿತ್ರ ಮಾಡುವ ಬಗೆ

‘ಮಳೆ’ ಎಂದಾಗ ತೆರೆಯ ಮೇಲೆ ಮಳೆ, ‘ಹಕ್ಕಿ’ ಎಂದಾಗ ಹಕ್ಕಿ. ಕಾವ್ಯಚಿತ್ರಗಳು, ಅಂದರೆ ಕವಿತೆಯ ಸಾಲಿಗೆ ದೃಶ್ಯ ಜೋಡಿಸಿದ ಕಿರುಚಿತ್ರಗಳು, ಹೆಚ್ಚಾಗಿ ಸೋಲುವುದು ಇಲ್ಲೇ. ಕಿವಿಗೆ ಬಿದ್ದದ್ದನ್ನೇ ಕಣ್ಣಿಗೂ ಬಡಿಸಿದರೆ ನೋಡುವವರಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಕವಿತೆ ಅಂಗನವಾಡಿಯ ‘ಅ ಅರಸ, ಆ ಆನೆ’ ಚಾರ್ಟಾಗಿಬಿಡುತ್ತದೆ. ಕೆಳಗಿನ ಹಂತಗಳೆಲ್ಲ ಈ ಒಂದು ತೊಂದರೆಯನ್ನು ತಪ್ಪಿಸುವುದಕ್ಕಾಗಿಯೇ ಇವೆ.

ಕವಿತೆ ಮತ್ತು ಹಕ್ಕು

12ರಿಂದ 16 ಸಾಲಿನ ಕವಿತೆ ಆರಿಸಿ. ನಿಧಾನವಾಗಿ ಓದಿದರೆ ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಚಿತ್ರ ಎರಡು ನಿಮಿಷ ಇರಲಿ. ಉಳಿದ ಒಂದು ನಿಮಿಷ ಮೌನಕ್ಕೆ ಮತ್ತು ಸುತ್ತಲಿನ ಸದ್ದಿಗೆ. ವಚನವಾದರೆ ಇನ್ನೂ ಚಿಕ್ಕದು, ಅರ್ಧ ನಿಮಿಷಕ್ಕೆ ಮುಗಿಯುತ್ತದೆ. ಹತ್ತಾರು ಉಪಮೆ ತುಂಬಿದ ಕವಿತೆಗಿಂತ ಒಂದೇ ವಸ್ತುವಿನ ಸುತ್ತ ಸುಳಿಯುವ ಕವಿತೆ ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ.

ಹಕ್ಕಿನ ಲೆಕ್ಕವನ್ನು ಶೂಟಿಂಗಿಗೆ ಮುಂಚೆಯೇ ಮುಗಿಸಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಕವಿ ಬದುಕಿದ್ದಾಗ ಪ್ರಕಟವಾದ ಕವಿತೆಯ ಹಕ್ಕು ಕವಿ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಉಳಿಯುತ್ತದೆ. ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ, ಗೋವಿಂದ ಪೈ 1963ರಲ್ಲಿ. ಇಬ್ಬರ ಅಂಥ ಕವಿತೆಗಳೂ ಈಗ ಮುಕ್ತ. ಬೇಂದ್ರೆ 1981ರಲ್ಲಿ ತೀರಿಕೊಂಡರು, ಹಾಗಾಗಿ ಅವರ ಸಾಲಿಗೆ 2041ರ ಕೊನೆಯವರೆಗೆ ಅನುಮತಿ ಬೇಕು. ಕುವೆಂಪು ಅವರದಕ್ಕೆ 2054ರ ಕೊನೆಯವರೆಗೆ. ಹಳೆಯ ವಚನ, ಕೀರ್ತನೆ, ಷಟ್ಪದಿಗಳಿಗೆ ಈ ತಾಪತ್ರಯವಿಲ್ಲ, ಆದರೆ ಈಗಿನವರು ಮಾಡಿದ ಹೊಸಗನ್ನಡ ರೂಪಾಂತರಕ್ಕೆ ಮತ್ತು ಇಂಗ್ಲಿಷ್ ಅನುವಾದಕ್ಕೆ ಪ್ರತ್ಯೇಕ ಹಕ್ಕಿರುತ್ತದೆ.

ಅನುಮತಿ ಪತ್ರದಲ್ಲಿ ಇಷ್ಟು ಇರಲಿ: ಪೂರ್ತಿ ಕವಿತೆಯೋ ಆಯ್ದ ಸಾಲೋ, ಯೂಟ್ಯೂಬಿಗೂ ಚಿತ್ರೋತ್ಸವಕ್ಕೂ ಸೇರಿಯೋ, ಅನುವಾದದ ಸಬ್‌ಟೈಟಲ್ ಹಾಕಬಹುದೋ, ಎಷ್ಟು ವರ್ಷಕ್ಕೆ, ಎಷ್ಟು ಹಣಕ್ಕೆ. ಭಾವಗೀತೆಯ ಕ್ಯಾಸೆಟ್ ಕಾಲದ ಹಾಡನ್ನು ಹಿನ್ನೆಲೆಗೆ ಎತ್ತಿಕೊಳ್ಳುವವರು ಒಂದು ಮಾತು ನೆನಪಿಡಬೇಕು: ಕವಿತೆ, ರಾಗಸಂಯೋಜನೆ, ಧ್ವನಿಮುದ್ರಣ ಇವು ಮೂರು ಬೇರೆಬೇರೆ ಹಕ್ಕು. ಕವಿಯ ಮನೆಯವರು ಒಪ್ಪಿದರೆ ಮುಗಿಯಿತೆಂದು ಅಪ್ಲೋಡ್ ಮಾಡಿದವರಿಗೆ ಕ್ಯಾಸೆಟ್ ಕಂಪನಿಯಿಂದ ನೋಟಿಸ್ ಬರಬಹುದು.

ಮೊದಲು ಧ್ವನಿ

ಕ್ಯಾಮೆರಾ ಕೈಗೆತ್ತಿಕೊಳ್ಳುವ ಮುಂಚೆ ಓದನ್ನು ರೆಕಾರ್ಡ್ ಮಾಡಿ. ಚಿತ್ರದ ಉದ್ದ, ಉಸಿರು, ಕತ್ತರಿ ಬೀಳುವ ಜಾಗ ಎಲ್ಲವೂ ಈ ಓದಿನಿಂದ ಹುಟ್ಟುತ್ತವೆ. ತಿರುವುಮುರುವು ದಾರಿಯೂ ಉಂಟು: 1936ರ ಬ್ರಿಟಿಷ್ ಸಾಕ್ಷ್ಯಚಿತ್ರ ‘ನೈಟ್ ಮೇಲ್’ಗೆ ಡಬ್ಲ್ಯು.ಎಚ್. ಆಡೆನ್ ಬರೆದ ಪದ್ಯ ರೈಲಿನ ಗಾಲಿಯ ತಾಳಕ್ಕೆ ಕೂರುವಂಥದ್ದು. ಆದರೆ ಅಲ್ಲಿ ಕವಿಯೇ ಚಿತ್ರತಂಡದ ಜೊತೆಗಿದ್ದರು. ಅಚ್ಚಾದ ಕವಿತೆಯನ್ನು ಎಳೆದಾಡಿ ದೃಶ್ಯಕ್ಕೆ ಹೊಂದಿಸಲಾಗುವುದಿಲ್ಲ.

ಸ್ಟುಡಿಯೊ ಬೇಡ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಬೆನ್ನ ಹಿಂದೆ ಎರಡು ದಪ್ಪ ಕಂಬಳಿ ನೇತುಹಾಕಿದರೆ ಗೋಡೆಯ ಮಾರ್ದನಿ ಸಾಕಷ್ಟು ಸಾಯುತ್ತದೆ. ಫ್ಯಾನ್, ಫ್ರಿಜ್ ಆಫ್. ಮೈಕ್ ಬಾಯಿಂದ 15–20 ಸೆಂ.ಮೀ. ದೂರ, ನೇರ ಎದುರಿಗಲ್ಲ, ಸ್ವಲ್ಪ ಓರೆಯಾಗಿ. ಎದುರಿಗಿಟ್ಟರೆ ‘ಪ’, ‘ಬ’, ‘ಭ’ಗಳ ಗಾಳಿ ಮೈಕಿಗೆ ಗುದ್ದಿ ‘ಡಬ್’ ಎನ್ನುತ್ತದೆ, ಆಮೇಲೆ ಅದನ್ನು ತೆಗೆಯುವುದು ಕಷ್ಟ. 48 ಕಿಲೋಹರ್ಟ್ಸ್, 24 ಬಿಟ್ ವೇವ್ ಕಡತ. ಅತಿ ಜೋರಿನ ಪದವೂ ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದಿರಲಿ. ಮುಗಿದ ಮೇಲೆ ಯಾರೂ ಮಾತಾಡದೆ ಒಂದು ನಿಮಿಷ ಆ ಕೋಣೆಯ ಮೌನವನ್ನೂ ಹಿಡಿದಿಟ್ಟುಕೊಳ್ಳಿ. ಸಾಲುಗಳ ನಡುವೆ ಬಿಡುವು ಹಿಗ್ಗಿಸುವಾಗ ತುಂಬಲು ಅದೇ ಬೇಕು, ಪೂರ್ತಿ ಶೂನ್ಯ ಹಾಕಿದರೆ ಕಿವಿಗೆ ತಟ್ಟನೆ ಗೊತ್ತಾಗುತ್ತದೆ.

ಓದುವವರಿಗೆ ಕವಿಗೋಷ್ಠಿಯ ದನಿ ಬೇಡವೆಂದು ಮೊದಲೇ ಹೇಳಿ. ಎದುರಿಗೆ ಕೂತ ಒಬ್ಬರಿಗೆ ಹೇಳುವಷ್ಟು ಸಾಕು. ಪೂರ್ತಿ ಕವಿತೆಯನ್ನು ಐದು ಸಲ ಓದಿಸಿ. ಮೊದಲ ಎರಡರಲ್ಲಿ ನಾಟಕ ಜಾಸ್ತಿ ಇರುತ್ತದೆ, ಮೂರು-ನಾಲ್ಕರಲ್ಲಿ ಇಳಿಯುತ್ತದೆ. ಷಟ್ಪದಿಯಾದರೆ ಪದ ಬಿಡಿಸಿ ಓದಬೇಕೋ ಗಮಕದಲ್ಲಿ ಹಾಡಬೇಕೋ ಎಂದು ಈಗಲೇ ನಿರ್ಧರಿಸಿ, ಎರಡರ ಕಾಲಾವಧಿಗೂ ಹೋಲಿಕೆಯಿಲ್ಲ.

ಸಾಲಿನ ಪಕ್ಕ ಚಿತ್ರ

ಮಾದರಿಗೆಂದು ಕಟ್ಟಿದ ನಾಲ್ಕು ಸಾಲು:

ರಾಟೆ ಇಲ್ಲದ ಬಾವಿಕಟ್ಟೆಗೆ
ಹಗ್ಗ ಕೊರೆದ ಗೀರು ಏಳು.
ಸೇದಿದ ಕೈಗಳ ಎಣಿಸಿದವರಾರು?
ನೀರು ಮಾತ್ರ ಬಲ್ಲದು ಆಳ.

ಬಾವಿ, ಹಗ್ಗ, ಮುದುಕಿಯ ಕೈ ಎಂದು ಪಟ್ಟಿ ಮಾಡಿಕೊಂಡು ಹೊರಟರೆ ಮತ್ತೆ ಅದೇ ಚಾರ್ಟು. ಹಾಳೆಯಲ್ಲಿ ಮೂರು ಕಾಲಂ ಗೀರಿ: ಸಾಲು, ಅದು ಶುರುವಾಗುವ ಸೆಕೆಂಡು, ಚಿತ್ರ. ಮೂರನೆಯ ಕಾಲಂನಲ್ಲಿ ಕವಿತೆಯಲ್ಲಿರುವ ನಾಮಪದ ಬರೆಯುವಂತಿಲ್ಲ ಎಂದು ನಿಯಮ ಹಾಕಿಕೊಳ್ಳಿ. ಆಗ ಏನೇನೋ ಹೊಳೆಯತೊಡಗುತ್ತದೆ: ಸಂಪಿನ ಮುಚ್ಚಳ, ಮೋಟಾರಿನ ಸ್ವಿಚ್ಚಿನ ಮೇಲೆ ಒಂದೇ ಬೆರಳು, ಅಟ್ಟದ ಮೇಲೆ ಬೋರಲು ಬಿದ್ದ ಹಿತ್ತಾಳೆ ಕೊಡಪಾನ, ತುಂಬಿ ಹರಿಯುವ ಟ್ಯಾಂಕು. ಈ ನಿಯಮವನ್ನು ಒಂದೇ ಕಡೆ ಮುರಿಯಬಹುದು. ಕಲ್ಲಿನ ಗೀರನ್ನು ಕವಿತೆಗೆ ಮುಂಚೆಯೇ, ಮಾತಿಲ್ಲದೆ, ತೀರಾ ಹತ್ತಿರದಿಂದ ಎಂಟು ಸೆಕೆಂಡು ತೋರಿಸಿ. ಅದೇನೆಂದು ಯಾರಿಗೂ ತಿಳಿಯುವುದಿಲ್ಲ. ಎರಡನೆಯ ಸಾಲು ಕಿವಿಗೆ ಬಿದ್ದಾಗ ತೆರೆಯ ಮೇಲೆ ಕೊಡಪಾನವಿರುತ್ತದೆ, ಗೀರು ನೋಡುವವರ ನೆನಪಿನಲ್ಲಿರುತ್ತದೆ. ಎರಡನ್ನೂ ಅವರೇ ಜೋಡಿಸಿಕೊಳ್ಳುತ್ತಾರೆ.

ವಚನದ ಅಂಕಿತ ಬರುವ ಕ್ಷಣಕ್ಕೆ ದೇವಾಲಯದ ಗೋಪುರ ತೋರಿಸುವ ಚಾಳಿ ಬಲವಾಗಿದೆ. ಹಿಂದಿನ ಶಾಟ್ ಹಾಗೇ ಮುಂದುವರಿಯಲಿ ಬಿಡಿ, ಅಂಕಿತ ದನಿಯಲ್ಲಿ ಕೇಳಿದರೆ ಸಾಕು.

ಶೂಟಿಂಗ್

ಎರಡು ನಿಮಿಷಕ್ಕೆ 20–24 ಶಾಟ್. ಪ್ರತಿಯೊಂದನ್ನೂ 15–20 ಸೆಕೆಂಡು ಅಲುಗಾಡದೆ ಹಿಡಿಯಿರಿ. ಬಳಸುವುದು ಐದಾರು ಸೆಕೆಂಡಾದರೂ ಸರಿ. ಫೋನ್ ಸಾಕು, ಟ್ರೈಪಾಡ್ ಮಾತ್ರ ಬೇಕೇಬೇಕು. ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡು. ನಮ್ಮ ಕರೆಂಟ್ 50 ಹರ್ಟ್ಸ್. ಶಟರ್ 1/60 ಇಟ್ಟರೆ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬೆಳಕಿನಲ್ಲಿ ಪಟ್ಟೆಪಟ್ಟೆ ಹರಿದಾಡುತ್ತವೆ. ಎಕ್ಸ್‌ಪೋಶರ್ ಮತ್ತು ಫೋಕಸ್ ಲಾಕ್ ಮಾಡದಿದ್ದರೆ ಮೋಡ ಸರಿದಾಗಲೆಲ್ಲ ಚಿತ್ರ ಮಿಟುಕುತ್ತದೆ. ಬಿಸಿಲಲ್ಲಿ 1/50 ಇಟ್ಟರೆ ಎಲ್ಲ ಬಿಳಿಚಿಕೊಳ್ಳುತ್ತದೆ, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ ಅಥವಾ ಬೆಳಗಿನ ಎಂಟರೊಳಗೆ ಮುಗಿಸಿ.

ಫೋನಿನ ವಿಡಿಯೊದಲ್ಲಿ ಫ್ರೇಮ್ ದರ ಸ್ಥಿರವಾಗಿರುವುದಿಲ್ಲ. ಎಡಿಟಿಂಗಿಗೆ ಹಾಕುವ ಮುಂಚೆ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕ ತಂತ್ರಾಂಶದಲ್ಲಿ ಸ್ಥಿರ 25ಕ್ಕೆ ಬದಲಿಸಿಕೊಳ್ಳಿ, ಇಲ್ಲವಾದರೆ ಸ್ಥಳದ ಸದ್ದು ಬರಬರುತ್ತಾ ಚಿತ್ರದಿಂದ ಹಿಂದೆಮುಂದೆ ಜಾರುತ್ತದೆ.

ತೆರೆಯ ಮೇಲೆ ಕನ್ನಡ ಅಕ್ಷರ

ಸಾಲನ್ನು ಓದಿಯೂ ಕೇಳಿಸಿ, ಬರೆದೂ ತೋರಿಸುವುದು ಸಾಮಾನ್ಯವಾಗಿ ಅತಿಯಾಗುತ್ತದೆ. ಒಂದನ್ನು ಆರಿಸಿ. ಬರಹವನ್ನೇ ಆರಿಸಿದರೆ, ಮನಸ್ಸಿನಲ್ಲಿ ಎರಡು ಸಲ ಓದುವಷ್ಟು ಹೊತ್ತು ಸಾಲು ನಿಲ್ಲಬೇಕು.

ಒತ್ತಕ್ಷರ ಚೆಲ್ಲಾಪಿಲ್ಲಿಯಾಗುವುದು ಎಲ್ಲರಿಗೂ ಕಾಡುವ ತೊಂದರೆ. ಎಡಿಟಿಂಗ್ ತಂತ್ರಾಂಶ ಪ್ರೀಮಿಯರ್ ಪ್ರೊನಲ್ಲಿ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ ಟೆಕ್ಸ್ಟ್ ಎಂಜಿನ್ನನ್ನು ದಕ್ಷಿಣ ಏಷ್ಯಾದ್ದಕ್ಕೆ ಬದಲಿಸಿ. ನಿಮ್ಮ ತಂತ್ರಾಂಶದಲ್ಲಿ ಅಂಥ ಆಯ್ಕೆ ಇಲ್ಲದಿದ್ದರೆ ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ಸಾಲು ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ತಂದುಕೊಳ್ಳಿ. ಹಳೆಯ ‘ನುಡಿ’ ಅಥವಾ ‘ಬರಹ’ ಟೈಪಿಂಗ್ ತಂತ್ರಾಂಶದ ಯುನಿಕೋಡ್ ಅಲ್ಲದ ಪಠ್ಯವನ್ನು ಮೊದಲು ಯುನಿಕೋಡಿಗೆ ಪರಿವರ್ತಿಸಬೇಕು. ಒಂದೊಂದೇ ಅಕ್ಷರ ಟೈಪಾಗುವ ಎಫೆಕ್ಟ್ ಬೇಡ: ‘ಸ್ತ್ರೀ’ ಎಂಬಲ್ಲಿ ಮೊದಲು ‘ಸ’, ಆಮೇಲೆ ‘ಸ್’ ಎಂದು ಅಕ್ಷರ ಒಡೆದೊಡೆದು ಕಾಣುತ್ತದೆ. ಪದ ಪದವಾಗಿ ಮೂಡಿಸಿ. ಅಕ್ಷರಗಳ ನಡುವಿನ ಅಂತರ ಸೊನ್ನೆಯಲ್ಲೇ ಇರಲಿ. ಸಾಲುಗಳ ಅಂತರ ಅಕ್ಷರದ ಗಾತ್ರದ ಒಂದೂವರೆ ಪಟ್ಟು, ಇಲ್ಲದಿದ್ದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಟಿರೊ ಕನ್ನಡ, ನೋಟೊ ಸೆರಿಫ್ ಕನ್ನಡ ಫಾಂಟುಗಳು ಕವಿತೆಗೆ ಹಿತ.

ಕತ್ತರಿ ಮತ್ತು ಸದ್ದು

ಪ್ರತಿ ಸಾಲಿನ ಕೊನೆಗೂ ಶಾಟ್ ಬದಲಾದರೆ ಮೂರನೇ ಸಾಲಿಗೇ ಚಿತ್ರ ಯಾಂತ್ರಿಕವಾಗುತ್ತದೆ. ಸಾಲಿನ ನಡುವೆ, ಉಸಿರಿನ ಜಾಗದಲ್ಲಿ, ಕೆಲವೊಮ್ಮೆ ಸಾಲು ಮುಗಿದು ಎರಡು ಸೆಕೆಂಡಿನ ಮೇಲೆ ಕತ್ತರಿಸಿ. ಪ್ರಾಸ ಗಟ್ಟಿಯಾಗಿದ್ದಷ್ಟೂ ಕತ್ತರಿ ಅದರಿಂದ ದೂರವಿರಲಿ. ಸ್ಲೋ ಮೋಷನ್ ಇಡೀ ಚಿತ್ರಕ್ಕೆ ಒಂದು ಸಲ, ಅದೂ ಬೇಕೆನಿಸಿದರೆ. ಕೊಳಲಿಗೆ ಕೈ ಹೋಗುವ ಮೊದಲು ಸ್ಥಳದ ಸದ್ದನ್ನು ಕೇಳಿಸಿಕೊಳ್ಳಿ. ಮೋಟಾರಿನ ಗುಂಯ್ ಸದ್ದು ಮೇಲಿನ ನಾಲ್ಕು ಸಾಲಿಗೆ ಯಾವ ವಾದ್ಯಕ್ಕಿಂತಲೂ ಹೆಚ್ಚು ಒಪ್ಪುತ್ತದೆ. ಸಂಗೀತ ಇದ್ದರೆ ಓದುವ ದನಿಗಿಂತ 15–20 ಡೆಸಿಬೆಲ್ ಕೆಳಗಿರಲಿ.

ಹೊರಗೆ ಕಳಿಸುವಾಗ

1920×1080, 25 ಫ್ರೇಮ್, ಎಚ್.264, ಸೆಕೆಂಡಿಗೆ 20 ಮೆಗಾಬಿಟ್. ಕೊನೆಯಲ್ಲಿ ಕವಿತೆಯ ಹೆಸರು, ಕವಿ, ಸಂಕಲನ, ಓದಿದವರು, ಅನುವಾದಕರು, ಅನುಮತಿ ಕೊಟ್ಟವರು. ಬರ್ಲಿನ್ನಿನಲ್ಲಿ 2002ರಲ್ಲಿ ಶುರುವಾದ ಜೀಬ್ರಾದಂಥ ಕಾವ್ಯಚಿತ್ರಗಳದೇ ಉತ್ಸವಕ್ಕೆ ಕಳಿಸುವುದಾದರೆ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ಅದನ್ನು ಚಿತ್ರಕ್ಕೆ ಅಂಟಿಸದೆ ಬೇರೆ ಎಸ್‌ಆರ್‌ಟಿ ಸಬ್‌ಟೈಟಲ್ ಕಡತವಾಗಿ, ಯುಟಿಎಫ್-8ರಲ್ಲಿ ಉಳಿಸಿ. ಯಾವ ಅಕ್ಷರವೂ ಇಲ್ಲದ ಒಂದು ಪ್ರತಿಯನ್ನೂ ತೆಗೆದಿಡಿ. ನಾಳೆ ತಮಿಳಿನವರೋ ಜರ್ಮನ್ನರೋ ಕೇಳಿದಾಗ ಕನ್ನಡ ಸಾಲಿನ ಮೇಲೆ ಇನ್ನೊಂದು ಲಿಪಿ ಹತ್ತಿಸಬೇಕಾಗುವುದಿಲ್ಲ.