ನಾಲ್ವರ ಗಾಲ್ಫ್ ಪಂದ್ಯ, ಕೊನೆಗೂ ಸರಿಹೋದ ಲೆಕ್ಕ

ಶಿವಮೊಗ್ಗದಿಂದ ನಾವು ನಾಲ್ವರು ಗೆಳೆಯರು ತರೀಕೆರೆ ದಾರಿ ಹಿಡಿದು ಚಿಕ್ಕಮಗಳೂರಿಗೆ ಗಾಲ್ಫ್ ಆಡಲು ಹೋಗುತ್ತೇವೆ. ಸೋತವರು ವಾಪಸ್ ಬರುವಾಗ ಮಂಡಕ್ಕಿ-ಮೆಣಸಿನಕಾಯಿ ಕೊಡಿಸಬೇಕು. ಗಾಲ್ಫ್‌ನಲ್ಲಿ ಕಡಿಮೆ ಹೊಡೆತಕ್ಕೆ ಮುಗಿಸಿದವನೇ ಗೆದ್ದಂತೆ. ಆದರೆ ನಮ್ಮಲ್ಲಿ ಒಬ್ಬ 90 ಹೊಡೆತದ ಆಸುಪಾಸಿನಲ್ಲಿ ಮುಗಿಸುತ್ತಾನೆ, ಇನ್ನೊಬ್ಬ 110 ದಾಟುತ್ತಾನೆ. ಯಾರು ಗೆಲ್ಲುತ್ತಾರೆ ಅಂತ ಕಾರು ಹತ್ತುವಾಗಲೇ ಗೊತ್ತು! ಅದರ ಮೇಲೆ ಚೆಂಡು ಪೊದೆಗೆ ನುಗ್ಗಿ ಒಂದೇ ಹೋಲ್‌ಗೆ (ಚೆಂಡು ಬೀಳಿಸಬೇಕಾದ ಕುಳಿಗೆ) 11 ಹೊಡೆತ ಆದರೆ ಮುಗೀತು, ಆಮೇಲೆ ಬರೀ ಮುಖ ಗಂಟು.

ಹೊಡೆತ ಕೂಡಿಸುವುದು ಬಿಟ್ಟು ಸ್ಟೇಬಲ್‌ಫರ್ಡ್ ಅಂಕಗಳಿಗೆ ಬಂದೆವು. ಇಂಗ್ಲೆಂಡಿನ ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫರ್ಡ್ 1932ರಲ್ಲಿ ಚಾಲ್ತಿಗೆ ತಂದ ಪದ್ಧತಿ ಇದು. ಪಾರ್‌ಗೆ, ಅಂದರೆ ಆ ಹೋಲ್‌ಗೆ ನಿಗದಿಯಾದಷ್ಟೇ ಹೊಡೆತದಲ್ಲಿ ಮುಗಿಸಿದರೆ, 2 ಅಂಕ, ಒಂದು ಹೊಡೆತ ಜಾಸ್ತಿಯಾದರೆ 1, ಕಡಿಮೆಯಾದರೆ 3. ಎರಡು ಜಾಸ್ತಿ ಆಯ್ತಾ, ಸೊನ್ನೆ. ಚೆಂಡು ಎತ್ತಿ ಜೇಬಿಗೆ ಹಾಕಿಕೊಂಡು ಮುಂದಿನ ಹೋಲ್‌ಗೆ ನಡೆಯಬಹುದು.

ಜೊತೆಗೆ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ನೋಡಿ ಕೊಡುವ ಹೊಡೆತಗಳ ರಿಯಾಯಿತಿ) ಸೇರಿಸಲೇಬೇಕು, ಇಲ್ಲದಿದ್ದರೆ ಸುಮ್ನೆ ಲೆಕ್ಕ ಬದಲಾಯಿಸಿದಂತೆ ಅಷ್ಟೇ. ಸ್ಕೋರ್ ಕಾರ್ಡ್‌ನಲ್ಲಿ ಪ್ರತಿ ಹೋಲ್ ಎದುರು 1ರಿಂದ 18ರವರೆಗೆ ಸ್ಟ್ರೋಕ್ ಇಂಡೆಕ್ಸ್, ಅಂದರೆ ಯಾವ ಹೋಲ್‌ನಲ್ಲಿ ಮೊದಲು ರಿಯಾಯಿತಿ ಅನ್ನುವ ಕ್ರಮಸಂಖ್ಯೆ, ಇರುತ್ತದೆ. ಹ್ಯಾಂಡಿಕ್ಯಾಪ್ 24 ಇದ್ದವನಿಗೆ ಎಲ್ಲ ಹೋಲ್‌ನಲ್ಲೂ ಒಂದು ಹೊಡೆತ ಮಾಫಿ, ಇಂಡೆಕ್ಸ್ 1ರಿಂದ 6ರವರೆಗಿನ ಹೋಲ್‌ಗಳಲ್ಲಿ ಎರಡು. ಅಂದರೆ ಅಲ್ಲಿ ಪಾರ್ 4ಕ್ಕೆ 6 ಹೊಡೆದರೂ 2 ಅಂಕ ಸಿಗುತ್ತದೆ. ನಮ್ಮಲ್ಲಿ ಯಾರಿಗೂ ಅಧಿಕೃತ ಹ್ಯಾಂಡಿಕ್ಯಾಪ್ ಇಲ್ಲ. ಹಳೇ ಕಾರ್ಡ್ ನೋಡಿ ನಾವೇ ಗೊತ್ತು ಮಾಡಿಕೊಂಡೆವು. ಸ್ವಲ್ಪ ಚೌಕಾಸಿ ಆಯ್ತು, ಇರಲಿ.

ಹೋದ ಸಲ 110ರವನೇ ಗೆದ್ದ. ಈಗ 90ರವನು ಅವನ ಹ್ಯಾಂಡಿಕ್ಯಾಪ್ ಕಡಿಮೆ ಮಾಡಿ ಅಂತ ದಿನಾ ಫೋನ್ ಮಾಡುತ್ತಿದ್ದಾನೆ.