ಬಾಟಲಿಯಲ್ಲಿ ಬಿಳಿ ಬಂದ ಬೆಳಿಗ್ಗೆ

ಫಲ್ಗುಣಿ ನದಿಗೆ ಸೇರುವ ಒಂದು ಹಳ್ಳದಲ್ಲಿ ಕಾರ್ಖಾನೆಯ ನೀರು ಬರುತ್ತದೆ ಎಂದು ಜನ ದೂರುತ್ತಿದ್ದರು. ನಾನು ಮಂಗಳೂರಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಕ್ಲಾಸ್ ಮುಗಿಸಿ, ಊಟ ಮಾಡಿ, ಮಧ್ಯಾಹ್ನ ಆರಾಮವಾಗಿ ಹೋಗಿ ಅಳೆಯುತ್ತಿದ್ದೆ. ಕರಗಿದ ಆಮ್ಲಜನಕ ಲೀಟರಿಗೆ 6 ಮಿಲಿಗ್ರಾಂ ದಾಟುತ್ತಿತ್ತು. ಸ್ನಾನದ ನೀರಿಗೆ 5 ಇದ್ದರೆ ಸಾಕು ಎನ್ನುತ್ತದೆ ನಿಯಮ. ಜನ ಸುಮ್ನೆ ದೂರುತ್ತಿದ್ದಾರಾ ಅಂತ ಅನುಮಾನವೂ ಬಂತು.

ಮರುವಾಯಿ (ಚಿಪ್ಪಿನ ಜೀವಿ) ಹೆಕ್ಕುವ ಅಣ್ಣ ಒಬ್ಬರು ನಕ್ಕರು. "ಮಾಷ್ಟ್ರೇ, ನೀರು ಏರುವಾಗ ಬಂದು ಸಮುದ್ರವನ್ನು ಅಳೆದು ಹೋಗ್ತೀರಿ. ಇಳಿತದಲ್ಲಿ, ಬೆಳಕು ಹರಿಯುವ ಮೊದಲು ಬನ್ನಿ."

ಸರಿಯೇ ಅಲ್ವಾ? ಉಬ್ಬರದಲ್ಲಿ ಅಳಿವೆಯಿಂದ, ಅಂದರೆ ಹೊಳೆ ಕಡಲು ಸೇರುವಲ್ಲಿಂದ, ಸಮುದ್ರದ ನೀರು ನುಗ್ಗಿ ಕೊಳೆ ತೆಳುವಾಗುತ್ತದೆ. ಹಗಲು ಪಾಚಿ ಬಿಸಿಲಿಗೆ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಎಳೆದುಕೊಳ್ಳುತ್ತದೆ. ಕೊಳೆ ತಿನ್ನುವ ಬ್ಯಾಕ್ಟೀರಿಯಾಕ್ಕಂತೂ ಹಗಲು ರಾತ್ರಿ ಇಲ್ಲ. ಹಾಗಾಗಿ ಮೀನಿಗೆ ಕಷ್ಟದ ಹೊತ್ತು ನಸುಕು.

ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಪಟ್ಟಿ ನೋಡಿ, ನಸುಕಿಗೆ ಇಳಿತ ಬೀಳುವ ಒಂದು ದಿನ ಹುಡುಕಿದೆ. ಮಾರ್ಚ್ ತಿಂಗಳು, ಹೊಳೆಯಲ್ಲಿ ಹರಿವೂ ಕಮ್ಮಿ. ಅಣ್ಣನ ದೋಣಿ ಹತ್ತಿದೆವು.

300 ಮಿಲಿಲೀಟರಿನ ಬಾಟಲಿಯನ್ನು ನೀರೊಳಗೇ ತುಂಬಿ, ಅಲ್ಲೇ ಮುಚ್ಚಬೇಕು. ಒಂದು ಗುಳ್ಳೆ ಉಳಿದರೂ ಲೆಕ್ಕ ಕೆಟ್ಟಿತು. ಆಮ್ಲಜನಕವನ್ನು ಹಿಡಿದಿಡಲು ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರ ಬೆರೆತ ಅಯೊಡೈಡನ್ನೂ ದೋಣಿಯಲ್ಲೇ ಹಾಕಿ ಕುಲುಕಬೇಕು. ಲ್ಯಾಬಿಗೆ ಹೋಗಿ ಹಾಕೋಣ ಎಂದರೆ, ಉಳಿದ ಆಮ್ಲಜನಕವನ್ನು ದಾರಿಯಲ್ಲೇ ಬ್ಯಾಕ್ಟೀರಿಯಾ ಮುಗಿಸಿರುತ್ತದೆ. ಆಮ್ಲಜನಕ ಇದ್ದರೆ ಕಂದು ಗಸಿ ಇಳಿಯುತ್ತದೆ.

ನಡು ಹೊಳೆಯ ಬಾಟಲಿಯಲ್ಲಿ ಕಂದು ಬಂತು. ಹಳ್ಳದ ಬಾಯಿಯದ್ದು ಬಿಳಿ. ಗಂಜಿ ತೆಳಿಯ ಹಾಗೆ ಬಿಳಿ. ಬಿಳಿ ಬಂದರೆ ಆಮ್ಲಜನಕ ಇಲ್ಲ ಎಂದು ಎಷ್ಟೋ ವರ್ಷ ಪಾಠ ಮಾಡಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ. ಸ್ವಲ್ಪ ಆಚೆ ಸಣ್ಣ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು.

(ಹೊಸಬರಿಗೆ ಒಂದು ಮಾತು: ಕೊಳೆಯನ್ನು ಡೈಕ್ರೋಮೇಟ್ ಎಂಬ ರಾಸಾಯನಿಕದಿಂದ ಅಳೆಯುವ ಲೆಕ್ಕ ಸಿಒಡಿ. ಅಳಿವೆ ಹತ್ತಿರದ ನೀರಿನ ಸಿಒಡಿ ಅಂಕಿ ಕಂಡು ಹಾರಾಡಬೇಡಿ. ಉಪ್ಪಿನ ಕ್ಲೋರೈಡೂ ಡೈಕ್ರೋಮೇಟನ್ನು ತಿಂದು ಅಂಕಿ ಏರಿಸುತ್ತದೆ. ನಾನು ಹಾಗೆ ಬರೆದು ನಗೆಪಾಟಲಾಗಿದ್ದೇನೆ. 27 ಡಿಗ್ರಿಯಲ್ಲಿ 3 ದಿನ ಇಟ್ಟು ಬಿಒಡಿ, ಅಂದರೆ ಕೊಳೆ ತಿನ್ನಲು ಬ್ಯಾಕ್ಟೀರಿಯಾ ಬಳಸುವ ಆಮ್ಲಜನಕ, ನೋಡಿ.)

"ಆ ಬಿಳಿ ಬಾಟಲಿ ನನಗೆ ಕೊಡಿ, ಮೀಟಿಂಗಿಗೆ ತಗೊಂಡು ಹೋಗ್ತೇನೆ" ಎಂದರು ಅಣ್ಣ. ಮುಚ್ಚಳ ತೆಗೆದರೆ ಗಾಳಿ ತಾಗಿ ಅದೂ ಕಂದಾಗುತ್ತದೆ ಎಂದೆ.

"ಹಾಗಾದ್ರೆ ಫೋಟೋ ತೆಗೀರಿ."

ತೆಗೆದೆ, ಹಿಂದೆ ಹಳ್ಳದ ಬಾಯಿ ಕಾಣುವ ಹಾಗೆ.