ಟರ್ಕಿ ಧಾರಾವಾಹಿಯಲ್ಲಿ ಹಳ್ಳಿ, ಪೇಟೆ: ನೋಡುವ ಕ್ರಮ

ಕೊಡಗಿನ ಮಳೆಗಾಲದಲ್ಲಿ ಮನೆಮಂದಿಯೆಲ್ಲ ಕೂತು ಟರ್ಕಿ ಧಾರಾವಾಹಿ ನೋಡುವುದಿದ್ದರೆ, ಹಳ್ಳಿ–ಪೇಟೆಯ ತಿಕ್ಕಾಟ ತಿಳಿಯಲು ಊರು ಬದಲಿಸುವ ಕಥೆಗಳನ್ನೇ ಆರಿಸಿ.

ಎರಡು ಸಾಕು. ಜಿಂದಗಿ ಚಾನೆಲ್ಲಿನಲ್ಲಿ ಹಿಂದಿಗೂ ಬಂದಿದ್ದ ‘ಫಾತ್ಮಾಗುಲ್’ (2010–12) ಇಜ್ಮಿರ್ ಕಡೆಯ ಕರಾವಳಿ ಹಳ್ಳಿ ಇಲ್ದಿರ್‌ನಲ್ಲಿ ಶುರುವಾಗಿ ಇಸ್ತಾಂಬುಲ್ ಸೇರುತ್ತದೆ. ‘ಬಿರ್ ಜಮಾನ್ಲಾರ್ ಚುಕುರೋವಾ’ (2018–22) ಇದಕ್ಕೆ ಉಲ್ಟಾ: ಇಸ್ತಾಂಬುಲ್ ಬಿಟ್ಟು ಓಡಿಬಂದ ಜುಲೇಹಾ, ಯಿಲ್ಮಾಜ್ ದಕ್ಷಿಣ ಟರ್ಕಿಯ ಚುಕುರೋವಾ ಬಯಲಿಗೆ, ಅದಾನಾದ ಹತ್ತಿ ಜಮೀನಿಗೆ ಬಂದು ಸೇರುತ್ತಾರೆ. ಪುರುಸೊತ್ತು ಕಡಿಮೆಯಿದ್ದರೆ ನೆಟ್‌ಫ್ಲಿಕ್ಸ್‌ನ ‘ಬಿರ್ ಬಾಷ್ಕಾದಿರ್’ (2020) ನೋಡಿ, ಎಂಟೇ ಕಂತು. ಅದರಲ್ಲಿ ನಗರದಂಚಿನ ಮೆರ್ಯೆಮ್ ಮನೆಗೆಲಸಕ್ಕೆಂದು ಬೇರೆಯೇ ಒಂದು ಇಸ್ತಾಂಬುಲ್‌ಗೆ ಹೋಗಿಬರುತ್ತಾಳೆ.

ಕರೆಂಟು ನಂಬಬೇಡಿ, ಮೊದಲೇ ಡೌನ್‌ಲೋಡ್ ಮಾಡಿಡಿ. ಟರ್ಕಿಯ ಟಿವಿಯಲ್ಲಿ ಒಂದು ಕಂತು ಹೆಚ್ಚಾಗಿ ಎರಡು ಗಂಟೆ ದಾಟುತ್ತದೆ. ಹೊರದೇಶಕ್ಕೆ ಕೊಡುವಾಗ ಅದನ್ನೇ ಸುಮಾರು 45 ನಿಮಿಷದ ತುಂಡುಗಳಾಗಿ ಕತ್ತರಿಸುತ್ತಾರೆ. ಎರಡು-ಮೂರು ತುಂಡು ಒಟ್ಟಿಗೆ ನೋಡಿದರೇ ಒಂದು ಕಂತಿನ ಕಟ್ಟು ಗೊತ್ತಾಗುವುದು.

ನೋಡುವಾಗ ಪುಸ್ತಕದಲ್ಲಿ ಮೂರು ಕಾಲಂ ಎಳೆಯಿರಿ: ಹೊಸ್ತಿಲು, ಊಟ, ಕೂಲಿ. ಸಾಧಾರಣ ಮನೆಗಳಲ್ಲಿ ಚಪ್ಪಲಿ, ಶೂ ಬಾಗಿಲಲ್ಲೇ ಉಳಿಯುತ್ತವೆ. ಇಸ್ತಾಂಬುಲ್ ನಡುವಿನ ಬಾಸ್ಫರಸ್ ಜಲಸಂಧಿಯ ದಂಡೆಯ ಬಂಗಲೆಗಳಲ್ಲಿ ಹೀಲ್ಸ್ ಸದ್ದು ಜಮಖಾನೆವರೆಗೂ ಬರುತ್ತದೆ. ಹಳ್ಳಿಯವಳು ಅಂಥ ಬಾಗಿಲಲ್ಲಿ ನಿಂತಾಗ ಮುಖ ಬಿಟ್ಟು ಕಾಲು ನೋಡಿ. ಊಟದಲ್ಲಿ, ನೆಲದ ಮೇಲೆ ಸುತ್ತ ಕೂರುತ್ತಾರೋ ಉದ್ದದ ಮೇಜಿಗೋ, ಬಡಿಸುವವರು ಯಾರು, ಇಷ್ಟು ಬರೆದರೆ ಸಾಕು.

ಕೂಲಿಯ ಕಾಲಂ ತುಂಬಲು ಎಸ್ಟೇಟ್ ಕಂಡವರಿಗೆ ಕಷ್ಟವಿಲ್ಲ. ಚುಕುರೋವಾದಲ್ಲಿ ಸಾಹುಕಾರರ ಬಂಗಲೆ, ಆಳುಗಳ ವಾಸ, ನಡುವೆ ಲೆಕ್ಕ ಹಿಡಿದು ಓಡಾಡುವವರು. ನಮ್ಮ ಎಸ್ಟೇಟಿನ ಲೈನ್ ಮನೆ (ಕೂಲಿಯವರ ಸಾಲುಮನೆ), ರೈಟರ್ (ಲೆಕ್ಕ ಬರೆಯುವವ) ನೆನಪಾಗದೆ ಇರುವುದಿಲ್ಲ. ಹಳ್ಳಿಯೆಂದರೆ ನೆಮ್ಮದಿ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ: ಜಮೀನು ಯಾರದೋ ಮಾತೂ ಅವರದೇ.

ಹೆಚ್ಚಿನವರು ಎಡವುವುದು ಹಳ್ಳಿ ಮುಗ್ಧ, ಪೇಟೆ ಕೆಟ್ಟದ್ದು ಎಂದು ಮೊದಲೇ ತೀರ್ಮಾನಿಸಿಬಿಡುವುದರಲ್ಲಿ. ಫಾತ್ಮಾಗುಲ್ ಮೇಲೆ ದೌರ್ಜನ್ಯ ನಡೆಯುವುದು ಅವಳ ಊರಲ್ಲೇ. ಅದರಲ್ಲಿ ಇಸ್ತಾಂಬುಲ್‌ನ ಸಿರಿವಂತರ ಮಕ್ಕಳಿದ್ದಾರೆ. ಎದುರು ನಿಲ್ಲುವ ಧೈರ್ಯ ಅವಳಿಗೆ ಕೂಡಿಬರುವುದೂ ಅದೇ ಇಸ್ತಾಂಬುಲ್‌ನಲ್ಲಿ. ಇಷ್ಟನ್ನೂ ಒಂದೇ ಸಾಲಲ್ಲಿ ಬರೆಯಲು ಹೋಗಬೇಡಿ.

ಡಬ್ಬಿಂಗಿನಲ್ಲಿ ಹಳ್ಳಿಯವರೂ ಪೇಟೆಯವರೂ ಒಂದೇ ಧಾಟಿಯಲ್ಲಿ ಮಾತಾಡುತ್ತಾರೆ. ಮುಖ್ಯ ದೃಶ್ಯವನ್ನು ಸಬ್‌ಟೈಟಲ್ ಹಾಕಿ ಟರ್ಕಿಶ್‌ನಲ್ಲೇ ಮತ್ತೊಮ್ಮೆ ಕೇಳಿ. ಅರ್ಥವಾಗದಿದ್ದರೂ ಮಾತಿನ ರಾಗದ ವ್ಯತ್ಯಾಸ ಕಿವಿಗೆ ಸಿಗುತ್ತದೆ.

‘ಫಾತ್ಮಾಗುಲ್’ ಶುರುವಿನಲ್ಲೇ ಅತ್ಯಾಚಾರದ ದೃಶ್ಯವಿದೆ. ಮಕ್ಕಳು ಜೊತೆಗಿದ್ದರೆ ದೊಡ್ಡವರೊಬ್ಬರು ಮುಂಚೆಯೇ ನೋಡಿಟ್ಟುಕೊಳ್ಳಬೇಕು.